ಬಿಡಿಸಿದಷ್ಟೂ ಬಿಗಿಯುವ ಗಂಟು



ಮದುವೆ ಮುಗಿಸಿಕೊಂಡು ಬಂದ ದಿಬ್ಬಣ ಗಂಡಿನ ಮನೆಯ ಮುಂದೆ ನಿಂತಿದೆ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇದೆ. ಮದುಮಗಳು ಬಲಗಾಲು ಮುಂದಿಡುವಷ್ಟರಲ್ಲಿ ನಾದಿನಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. 'ಹೆಸರ ಹೇಳು ಅತ್ತಿಗಿ, ಆಮ್ಯಾಲ ಒಳಗ ಬಾ' ಎಂದು ಪಟ್ಟು ಹಿಡಿಯುತ್ತಾರೆ. ಹುಡುಗಿ ತಲೆ ತಗ್ಗಿಸುತ್ತಾಳೆ. ಹಿಂದಿನಿಂದ ಅವಳ ಚಿಕ್ಕಮ್ಮನೋ ಗೆಳತಿಯೋ ಕಿವಿಯಲ್ಲಿ ಏನೋ ಉಸುರುತ್ತಾರೆ. ಕಡೆಗೆ ಅವಳು ಒಂದೇ ಉಸಿರಿನಲ್ಲಿ ಎರಡು ಸಾಲು ಹೇಳಿ ಮುಗಿಸುತ್ತಾಳೆ. ಮೊದಲ ಸಾಲಿನಲ್ಲಿ ಬೆಳ್ಳಿ ಬಟ್ಟಲೋ, ಮಲ್ಲಿಗೆ ಹೂವೋ, ತುಂಬಿದ ಹೊಳೆಯೋ ಇರುತ್ತದೆ. ಅದಕ್ಕೆ ಪ್ರಾಸ ಕೂಡಿಸಿದ ಎರಡನೆಯ ಸಾಲಿನಲ್ಲಿ ಗಂಡನ ಹೆಸರು ಅಡಗಿರುತ್ತದೆ. ನೆರೆದವರು ನಗುತ್ತಾರೆ. ದಾರಿ ಬಿಡುತ್ತಾರೆ.

ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ಮದುವೆ ಮನೆಗಳನ್ನು ಕಂಡವರಿಗೆ ಈ ನೋಟ ಹೊಸದಲ್ಲ. ಇದಕ್ಕೆ ಒಡಪು ಹೇಳುವುದು ಎನ್ನುತ್ತಾರೆ. ಭೂಮದ ಊಟದಲ್ಲಿ, ಕುಬಸದಲ್ಲಿ, ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಮತ್ತೆ ಮತ್ತೆ ಈ ಆಟ ನಡೆಯುತ್ತದೆ. ಎಷ್ಟೋ ಕಡೆ ಗಂಡಸರೂ ಹೆಂಡತಿಯ ಹೆಸರಿಗೆ ಒಡಪು ಕಟ್ಟಿ ನಗಿಸುತ್ತಾರೆ. ಇದೇ ಒಡಪು ಎಂಬ ಮಾತನ್ನು ಒಗಟು ಎಂಬ ಅರ್ಥದಲ್ಲಿಯೂ ಬಳಸುವುದುಂಟು. ಹೆಸರನ್ನು ಅಡಗಿಸಿ ಹೇಳುವ ಪದ್ಯಕ್ಕೂ, ವಸ್ತುವನ್ನು ಅಡಗಿಸಿ ಕೇಳುವ ಪ್ರಶ್ನೆಗೂ ಜನರು ಒಂದೇ ಹೆಸರಿಟ್ಟಿದ್ದು ಆಕಸ್ಮಿಕವಲ್ಲ. ಎರಡೂ ಅಪರಿಚಿತರನ್ನು ಪರಿಚಿತರನ್ನಾಗಿ ಮಾಡುವ ಉಪಾಯಗಳು. ಇಂದಿನ ಮಾತಿನ ಹುರುಳು ಇಷ್ಟೆ: ಒಗಟು ಜಾಣತನದ ಪರೀಕ್ಷೆಯಂತೆ ಕಂಡರೂ ಅದರ ನಿಜವಾದ ಕೆಲಸ ಸ್ನೇಹ ಬೆಳೆಸುವುದು.

ಹೊಸ ಸೊಸೆಯ ಸ್ಥಿತಿಯನ್ನೇ ನೋಡಿ. ಆ ಮನೆಯಲ್ಲಿ ಅವಳಿಗೆ ಯಾರೂ ಗೊತ್ತಿಲ್ಲ. ಯಾರೊಡನೆ ಏನು ಮಾತನಾಡಬೇಕು, ಎಷ್ಟು ಮಾತನಾಡಬೇಕು ಎಂಬುದೂ ತಿಳಿಯದು. ಅವಳ ಜೊತೆ ಹೇಗೆ ಮಾತು ತೆಗೆಯುವುದು ಎಂಬುದು ಮನೆಯವರಿಗೂ ತಿಳಿಯದು. ಒಡಪು ಎರಡೂ ಕಡೆಯವರಿಗೆ ಒಂದು ನೆಪ ಒದಗಿಸುತ್ತದೆ. ಕೇಳುವವರಿಗೆ ಕಾಡಿಸುವ ಸಲಿಗೆ ಸಿಗುತ್ತದೆ. ಹೇಳುವವಳಿಗೆ ನಾಚಿಕೆಯ ಮರೆಯಲ್ಲಿಯೇ ತನ್ನ ಜಾಣ್ಮೆ ತೋರುವ ಅವಕಾಶ ಸಿಗುತ್ತದೆ. ಬಾಗಿಲಲ್ಲಿ ತಡೆದ ನಾದಿನಿಯೇ ಮರುದಿನ ಅಡುಗೆಮನೆಯಲ್ಲಿ ಅವಳ ಮೊದಲ ಗೆಳತಿಯಾಗಬಹುದು.

ಒಡೆಯುವುದು, ಬಿಡಿಸುವುದು

ಕನ್ನಡದಲ್ಲಿ ಒಗಟನ್ನು ಒಡೆಯುತ್ತೇವೆ ಅಥವಾ ಬಿಡಿಸುತ್ತೇವೆ. ಕಾಯಿಯಂತೆ ಒಡೆಯಬೇಕಾದ ಚಿಪ್ಪೂ ಅಲ್ಲಿದೆ, ದಾರದಂತೆ ಬಿಡಿಸಬೇಕಾದ ಗಂಟೂ ಇದೆ. ಆ ಚಿಪ್ಪು ಯಾವುದು? 1963ರಲ್ಲಿ ಅಮೆರಿಕದ ಜಾನಪದ ವಿದ್ವಾಂಸರಾದ ರಾಬರ್ಟ್ ಜಾರ್ಜಸ್ ಮತ್ತು ಆಲನ್ ಡಂಡೆಸ್ ಒಗಟಿನ ರಚನೆಯ ಬಗ್ಗೆ ಒಂದು ಲೇಖನ ಬರೆದರು. ಒಂದು ವಸ್ತುವಿನ ವರ್ಣನೆ, ಆ ವರ್ಣನೆಯೊಳಗೆ ಒಂದಕ್ಕೊಂದು ಹೊಂದದಂತೆ ತೋರುವ ಮಾತು, ಆ ವಸ್ತು ಯಾವುದೆಂಬ ಊಹೆ ಕೇಳುಗನಿಗೆ ಬಿಟ್ಟದ್ದು. ಒಗಟಿನ ಬಗ್ಗೆ ಅವರು ಹೇಳಿದ್ದರ ಸಾರ ಇದು.

ನಮ್ಮ ಅಜ್ಜಿಯರು ಈ ಲೇಖನವನ್ನು ಓದಿರಲಿಲ್ಲ. ಆದರೆ ಸುತ್ತಲೂ ಸುಣ್ಣ ಬಳಿದ ಗೋಡೆಯಿದ್ದು ಎಲ್ಲಿಯೂ ಬಾಗಿಲಿಲ್ಲದ ಮನೆ ಯಾವುದು ಎಂದು ಕೇಳುತ್ತಿದ್ದರು. ಮನೆ ಎಂದಮೇಲೆ ಬಾಗಿಲಿರಬೇಕು. ಬಾಗಿಲಿಲ್ಲದ ಮನೆ ಹೇಗೆ? ಇಲ್ಲಿಯೇ ಕೇಳುಗನ ಬುದ್ಧಿ ಎಡವುತ್ತದೆ. ಉತ್ತರ ಕೋಳಿಯ ಮೊಟ್ಟೆ ಎಂದು ಗೊತ್ತಾದಾಗ ನಗು ಬರುತ್ತದೆ. ಸಾವಿರಾರು ಹಕ್ಕಿಗಳು ಒಟ್ಟಿಗೇ ನೀರಿಗಿಳಿಯುತ್ತವೆ ಎಂದರೆ ಎಸರಿಗೆ ಹಾಕಿದ ಅಕ್ಕಿ. ಹಾಸಿದ ಹಗ್ಗದ ಪಕ್ಕ ಮಲಗಿದ ಕೋಣ ಎಂದರೆ ಬಳ್ಳಿಯಲ್ಲಿ ಬಿಟ್ಟ ಕುಂಬಳಕಾಯಿ. ಹಾರುವುದರಲ್ಲಿ ಹನುಮಂತ, ಕೂಗುವುದರಲ್ಲಿ ಶಂಖ ಎಂದರೆ ಮಳೆಗಾಲದ ಕಪ್ಪೆ.

ಇವುಗಳಲ್ಲಿ ಒಂದು ಸಾಮಾನ್ಯ ಗುಣವಿದೆ. ಪುಸ್ತಕ ಓದಿ ಉತ್ತರ ಕಂಡುಹಿಡಿಯುವ ಒಗಟು ಇಲ್ಲಿ ಒಂದೂ ಇಲ್ಲ. ಹಿತ್ತಲು, ಹೊಲ, ಒಲೆ, ಕೆರೆ ಇವಿಷ್ಟನ್ನು ಕಣ್ಣಿಟ್ಟು ನೋಡಿದವರಿಗೆ ಸಾಕು. ಹೀಗಾಗಿ ಶಾಲೆಗೆ ಹೋಗದ ಅಜ್ಜಿ ಕೇಳಿದ್ದಕ್ಕೆ ಕಾಲೇಜು ಓದುವ ಮೊಮ್ಮಗ ತಲೆ ಕೆರೆದುಕೊಳ್ಳಬಹುದು, ಆರು ವರ್ಷದ ಮೊಮ್ಮಗಳು ಥಟ್ಟನೆ ಹೇಳಿಬಿಡಬಹುದು. ಹಿರಿಯರು ಕಿರಿಯರು, ಓದಿದವರು ಓದದವರು ಸಮನಾಗಿ ಕೂರುವ ಆಟಗಳು ಹೆಚ್ಚಿಲ್ಲ. ಒಗಟು ಅಂಥ ಒಂದು ಆಟ.

ಕೇಳುವವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಆದರೂ ತಾವೇ ಹೇಳಿಬಿಡುವುದಿಲ್ಲ. ಎದುರಿನವರು ಯೋಚಿಸಲಿ ಎಂದು ಕಾಯುತ್ತಾರೆ. ಹತ್ತಿರ ಬಂದರೆ 'ಇನ್ನ ಸ್ವಲ್ಪ' ಎನ್ನುತ್ತಾರೆ, ದೂರ ಹೋದರೆ ಒಂದು ಸುಳಿವು ಕೊಡುತ್ತಾರೆ. ಕೊನೆಗೂ ಹೊಳೆಯದಿದ್ದರೆ ಎದುರಿನವರು 'ಸೋತೆ' ಎಂದು ಒಪ್ಪಿಕೊಳ್ಳಬೇಕು. ಸೋತವರಿಗೆ ದಂಡವಿಲ್ಲ. ಬದಲಿಗೆ ಒಂದು ಹೊಸ ಉತ್ತರ ಸಿಗುತ್ತದೆ, ನಾಳೆ ಬೇರೊಬ್ಬರನ್ನು ಕೇಳಲು ಒಂದು ಒಗಟು ಸಿಗುತ್ತದೆ. ಕಾಯುವುದು, ಸುಳಿವು ಕೊಡುವುದು, ಸೋಲನ್ನು ನಗುತ್ತ ಒಪ್ಪಿಕೊಳ್ಳುವುದು ಇವೆಲ್ಲ ಸ್ನೇಹದ ಲಕ್ಷಣಗಳೇ ಅಲ್ಲವೆ?

ಎಲ್ಲ ಒಗಟುಗಳೂ ಇಷ್ಟು ಸೌಮ್ಯವಲ್ಲ. ಗ್ರೀಕರ ಕಥೆಯಲ್ಲಿ ಸ್ಫಿಂಕ್ಸ್ ಎಂಬ ಪ್ರಾಣಿ ಉತ್ತರ ತಿಳಿಯದವರನ್ನು ಕೊಂದುಹಾಕುತ್ತಿತ್ತು. ನಮ್ಮ ಬೇತಾಳ ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಒಡೆದೀತೆಂದು ವಿಕ್ರಮನನ್ನು ಹೆದರಿಸುತ್ತದೆ. ಮಹಾಭಾರತದ ಯಕ್ಷನ ಮಾತಿಗೆ ಕಿವಿಗೊಡದೆ ನೀರು ಕುಡಿದ ನಾಲ್ವರು ಪಾಂಡವರು ಕೊಳದ ದಂಡೆಯಲ್ಲಿ ಉರುಳಿದರು. ಧರ್ಮರಾಯ ಉತ್ತರಗಳನ್ನೆಲ್ಲ ಹೇಳಿ ಮುಗಿಸಿದ ಮೇಲೆ ಯಕ್ಷ ಅವನಿಗೆ ಒಬ್ಬ ತಮ್ಮನನ್ನು ಆರಿಸಿಕೊಳ್ಳಲು ಹೇಳುತ್ತಾನೆ. ಅವನು ಭೀಮಾರ್ಜುನರನ್ನು ಬಿಟ್ಟು ಮಾದ್ರಿಯ ಮಗ ನಕುಲನನ್ನು ಕೇಳುತ್ತಾನೆ. ಯಕ್ಷ ಒಲಿದು ಎಲ್ಲರನ್ನೂ ಬದುಕಿಸುವುದು ಆಗಲೇ. ಪ್ರಶ್ನೆಗೆ ಉತ್ತರ ಹೇಳಿದ್ದಕ್ಕಿಂತ ಬಾಂಧವ್ಯವನ್ನು ಅರಿತದ್ದೇ ದೊಡ್ಡದಾಯಿತು.

ಅರಮನೆಯಿಂದ ದಾಸರ ಜಗುಲಿಗೆ

ಹಳೆಯ ಶಾಸ್ತ್ರಕಾರರಿಗೂ ಈ ಆಟದ ಬೆಲೆ ಗೊತ್ತಿತ್ತು. ಸಂಸ್ಕೃತದಲ್ಲಿ ಒಗಟಿಗೆ ಪ್ರಹೇಳಿಕೆ ಎಂದು ಹೆಸರು. ವಾತ್ಸ್ಯಾಯನ ಅದನ್ನು 64 ಕಲೆಗಳಲ್ಲಿ ಸೇರಿಸಿದ್ದಾನೆ. ಕಾವ್ಯಾದರ್ಶವನ್ನು ಬರೆದ ದಂಡಿ ಪ್ರಹೇಳಿಕೆಯ 16 ಬಗೆಗಳನ್ನು ವಿವರಿಸಿ, ಅದರ ಉಪಯೋಗಗಳನ್ನೂ ಪಟ್ಟಿ ಮಾಡಿದ್ದಾನೆ. ಗೆಳೆಯರ ಗೋಷ್ಠಿಯ ವಿನೋದ, ಜನರ ನಡುವೆ ಗುಟ್ಟಾಗಿ ಮಾತನಾಡುವುದು, ಎದುರಿನವರನ್ನು ಬೆರಗುಗೊಳಿಸುವುದು ಎಂಬ ಮೂರು ಉಪಯೋಗಗಳಲ್ಲಿ ಗೋಷ್ಠಿಯ ವಿನೋದಕ್ಕೆ ಮೊದಲ ಸ್ಥಾನ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಮಾನಸೋಲ್ಲಾಸ ಎಂಬ ದೊಡ್ಡ ಗ್ರಂಥ ರಚಿಸಿದ. ಅರಮನೆಯ ಅಡುಗೆಯಿಂದ ಆನೆ ಪಳಗಿಸುವವರೆಗೆ ಅದರಲ್ಲಿ ಇಲ್ಲದ ವಿಷಯವಿಲ್ಲ. ಅದರ 20 ಕ್ರೀಡೆಗಳ ಪಟ್ಟಿಯಲ್ಲಿ ಚದುರಂಗ, ಪಗಡೆಗಳ ಸಾಲಿನಲ್ಲಿಯೇ ಪ್ರಹೇಳಿಕೆಯೂ ಇದೆ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ಸೀಮೆಯನ್ನು ಆಳಿದ ಮನೆತನದ ದೊರೆಯೊಬ್ಬ ಒಗಟನ್ನು ರಾಜನಿಗೆ ತಕ್ಕ ಆಟವೆಂದು ಎಣಿಸಿದ್ದ ಎಂಬುದು ಸ್ವಾರಸ್ಯಕರ ಸಂಗತಿ.

ಅದೇ ಶತಮಾನದಲ್ಲಿ, ಅದೇ ಕಲ್ಯಾಣದಲ್ಲಿ ಶರಣರು ಒಗಟಿನ ದಾರಿಯನ್ನೇ ಹಿಡಿದು ಬೆಡಗಿನ ವಚನಗಳನ್ನು ನುಡಿದರು. ಅಲ್ಲಮಪ್ರಭುವಿನ ಬೆಡಗು ಇಂದಿಗೂ ವಿದ್ವಾಂಸರನ್ನು ಕಾಡುತ್ತದೆ. ಹರಿದಾಸರಲ್ಲಿ ಇಂಥ ಗೂಢ ರಚನೆಗಳಿಗೆ ಮುಂಡಿಗೆ ಎಂದು ಹೆಸರು. ಮುಂಡಿಗೆ ಎಂದರೆ ಸವಾಲು. ಕನಕದಾಸರ ಮುಂಡಿಗೆಗಳು ಪ್ರಸಿದ್ಧ. ಅರ್ಥ ಬಲ್ಲವರು ಬಿಡಿಸಿ ಹೇಳಬೇಕು, ಉಳಿದವರು ಕೂತು ಕೇಳಬೇಕು. ಹಾಗಾಗಿ ಮುಂಡಿಗೆಯನ್ನು ಒಬ್ಬರೇ ಕೂತು ಓದುವುದಕ್ಕಿಂತ ನಾಲ್ಕು ಜನ ಸೇರಿ ಚರ್ಚಿಸುವುದೇ ಹೆಚ್ಚು.

ಹರಿದಾಸ ಪರಂಪರೆಗೆ 18ನೆಯ ಶತಮಾನದಲ್ಲಿ ಹೊಸ ಜೀವ ಬಂದದ್ದು ಇದೇ ನೆಲದಲ್ಲಿ. ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರ್ವಿಯವರು. ಗೋಪಾಲದಾಸರು ದೇವದುರ್ಗದ ಕಡೆಯ ಮೊಸರಕಲ್ಲಿನವರು. ಹರಿಕಥಾಮೃತಸಾರವನ್ನು ಭಾಮಿನಿ ಷಟ್ಪದಿಯಲ್ಲಿ ರಚಿಸಿದ ಜಗನ್ನಾಥದಾಸರು ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ ಹುಟ್ಟಿದವರು. ಜಗನ್ನಾಥದಾಸರ ಮೊದಲ ಹೆಸರು ಶ್ರೀನಿವಾಸಾಚಾರ್ಯ. ಸಂಸ್ಕೃತ ಪಂಡಿತರಾಗಿದ್ದ ಅವರು ಕನ್ನಡದಲ್ಲಿ ಹಾಡುವ ದಾಸರನ್ನು ಮೊದಲು ಹಗುರವಾಗಿ ಕಂಡರೆಂದೂ, ಕಾಯಿಲೆ ಬಿದ್ದಾಗ ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದೂ ಸಂಪ್ರದಾಯದ ಕಥೆ ಹೇಳುತ್ತದೆ. ಸ್ನೇಹದ ಬಗ್ಗೆ ಈ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಕಥೆ ಸಿಗುವುದು ಕಷ್ಟ.

ದಾಸರ ಪದಗಳ ಒಂದು ಕ್ರಮವನ್ನು ಇಲ್ಲಿ ಗಮನಿಸಬೇಕು. ಪದದ ಕೊನೆಯಲ್ಲಿ ಅಂಕಿತ ಬರುತ್ತದೆ. ವಿಜಯವಿಠಲ ಎಂದರೆ ವಿಜಯದಾಸರು, ಗೋಪಾಲವಿಠಲ ಎಂದರೆ ಗೋಪಾಲದಾಸರು, ಜಗನ್ನಾಥವಿಠಲ ಎಂದರೆ ಜಗನ್ನಾಥದಾಸರು. ಕವಿ ತನ್ನ ಹೆಸರನ್ನು ನೇರವಾಗಿ ಹೇಳದೆ ದೇವರ ಹೆಸರಿನಲ್ಲಿ ಅಡಗಿಸುತ್ತಾನೆ. ಹೊಸ್ತಿಲ ಮೇಲೆ ನಿಂತ ಮದುಮಗಳು ಹೆಸರನ್ನು ಕೊನೆಯ ಸಾಲಿನವರೆಗೆ ತಡೆದಿಟ್ಟುಕೊಳ್ಳುವಂತೆಯೇ ಇದು. ಪದ ಕೇಳುವವರು ಕೊನೆಯ ಸಾಲಿಗಾಗಿ ಕಾಯುತ್ತಾರೆ, ಅಂಕಿತ ಬಂದೊಡನೆ ಗುರುತು ಹಿಡಿದು ತಲೆದೂಗುತ್ತಾರೆ.

ಮಸ್ಕಿಯ ಬಂಡೆ ಹೇಳಿದ ಹೆಸರು

ಹೆಸರಿನ ಮಾತು ಬಂದ ಮೇಲೆ ಮಸ್ಕಿಯನ್ನು ಮರೆಯುವಂತಿಲ್ಲ. ರಾಯಚೂರು ಜಿಲ್ಲೆಯ ಈ ಊರಿನ ಬಂಡೆಯೊಂದು ಭಾರತದ ಇತಿಹಾಸದ ಬಹು ದೊಡ್ಡ ಒಗಟನ್ನು ಬಿಡಿಸಿತು.

ಕಲ್ಕತ್ತೆಯಲ್ಲಿದ್ದ ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೆ ಬ್ರಾಹ್ಮೀ ಲಿಪಿಯನ್ನು ಓದುವುದರಲ್ಲಿ ಯಶಸ್ವಿಯಾದ. ಕಂಬಗಳ ಮೇಲೂ ಬಂಡೆಗಳ ಮೇಲೂ 'ದೇವಾನಾಂಪ್ರಿಯ ಪ್ರಿಯದರ್ಶಿ' ಎಂಬ ರಾಜನ ಮಾತುಗಳು ಕಂಡವು. ದೇವರಿಗೆ ಪ್ರಿಯನಾದವನು, ನೋಡಲು ಪ್ರಿಯನಾದವನು ಎಂಬ ಬಿರುದುಗಳು ಸರಿ, ಆದರೆ ಈ ರಾಜ ಯಾರು? ಅವನು ಸಿಂಹಳದ ದೊರೆ ಇರಬೇಕೆಂದು ಪ್ರಿನ್ಸೆಪ್ ಮೊದಲು ಊಹಿಸಿದ. ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಪಾಳಿ ಗ್ರಂಥಗಳನ್ನು ಓದಿ, ಆ ಹೆಸರು ಮೌರ್ಯ ಅಶೋಕನದು ಎಂದು ತೋರಿಸಿಕೊಟ್ಟ. ಕಡಲಿನ ಆಚೆ ಈಚೆ ಇದ್ದ ಇಬ್ಬರು ಒಂದು ಹೆಸರಿನ ಬೆನ್ನು ಹತ್ತಿದ್ದರು. ಒಬ್ಬರ ಊಹೆ ತಪ್ಪಿದಾಗ ಇನ್ನೊಬ್ಬರು ತಿದ್ದಿದರು.

ಆದರೂ ಅಶೋಕ ಎಂಬ ಹೆಸರು ಯಾವ ಶಾಸನದಲ್ಲಿಯೂ ಕಂಡಿರಲಿಲ್ಲ. ಅದಕ್ಕಾಗಿ ಇನ್ನೂ 78 ವರ್ಷ ಕಾಯಬೇಕಾಯಿತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಒಂದು ಶಾಸನವನ್ನು ಗುರುತಿಸಿದ. ಅದನ್ನು ಓದಿ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿ. ಅದರಲ್ಲಿ ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರು ಸ್ಪಷ್ಟವಾಗಿತ್ತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಆ ಹೆಸರು ಸಿಕ್ಕಿತು. ಬಿರುದುಗಳ ಮರೆಯಲ್ಲಿ ನಿಂತಿದ್ದ ದೊರೆಯ ಹೆಸರನ್ನು ಮೊದಲು ಬಾಯಿಬಿಟ್ಟು ಹೇಳಿದ್ದು ಮಾತ್ರ ಒಡಪಿನ ಈ ಸೀಮೆಯೇ.

ನಾಲ್ಕು ಭಾಷೆ, ಒಂದು ಆಟ

ಮಸ್ಕಿಯ ಬಂಡೆಯಿಂದ ರಾಯಚೂರು ನಗರಕ್ಕೆ ಬಂದರೆ ಕಿವಿಗೆ ಬೀಳುವ ಭಾಷೆ ಒಂದಲ್ಲ. 1948ರವರೆಗೆ ಈ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ಕಚೇರಿಯ ಉರ್ದು, ಗಡಿಯಾಚೆಯ ತೆಲುಗು, ಮನೆಯ ಕನ್ನಡ ಇಲ್ಲಿಯ ಸಂತೆ ಬಜಾರುಗಳಲ್ಲಿ ಬೆರೆತಿವೆ. ಉರ್ದುವಿನಲ್ಲಿ ಒಗಟಿಗೆ ಪಹೇಲಿ ಎನ್ನುತ್ತಾರೆ. ಅಮೀರ್ ಖುಸ್ರೋ ಹೆಸರಿನಲ್ಲಿ ನೂರಾರು ಪಹೇಲಿಗಳು ಜನರ ಬಾಯಲ್ಲಿವೆ. ತೆಲುಗಿನಲ್ಲಿ ಅದು ಪೊಡುಪು ಕಥೆ. ಮರಾಠಿಯಲ್ಲಿ ಉಖಾಣೆ ಎಂಬ ಮಾತಿಗೆ ಒಗಟು ಎಂಬ ಅರ್ಥವೂ ಇದೆ, ಮದುಮಗಳು ಗಂಡನ ಹೆಸರು ಸೇರಿಸಿ ಹೇಳುವ ಪದ್ಯ ಎಂಬ ಅರ್ಥವೂ ಇದೆ. ನಮ್ಮ ಒಡಪಿನ ಕಥೆಯೇ ಅಲ್ಲಿಯೂ. ಮಲಯಾಳದವರು ಒಗಟನ್ನು ಕಡಂಕಥೆ ಎನ್ನುತ್ತಾರೆ. ಕಡಂ ಎಂದರೆ ಸಾಲ. ಉತ್ತರ ಹೇಳಲಾಗದವನು ಸಾಲಗಾರನಾದ ಎಂದು ಆಟದ ಲೆಕ್ಕ.

ಈ ಸಾಲದ ಮಾತು ಎಷ್ಟು ಅರ್ಥಪೂರ್ಣ! ಸಾಲ ಇರುವವರೆಗೆ ಸಂಬಂಧ ಕಡಿಯುವುದಿಲ್ಲ. ಇಂದು ಸೋತವನು ನಾಳೆ ಇನ್ನೊಂದು ಒಗಟು ತಂದು ಲೆಕ್ಕ ಚುಕ್ತಾ ಮಾಡಬೇಕು. ಆಗ ಸಾಲ ಎದುರಿನವನ ಮೇಲೆ ಬೀಳುತ್ತದೆ. ಹೀಗೆ ಒಗಟಿನ ಆಟ ಒಂದೇ ದಿನಕ್ಕೆ ಮುಗಿಯುವುದೇ ಇಲ್ಲ.

ಉತ್ತರ ಕಳೆದುಕೊಂಡ ಪ್ರಶ್ನೆಗಳು

ಈಗ ಸ್ವಲ್ಪ ಕಹಿಯಾದ ಮಾತು. ಒಗಟು ಬಿಡಿಸಬೇಕಾದರೆ ಕೇಳುವವರು ಮತ್ತು ಹೇಳುವವರು ಒಂದೇ ಲೋಕವನ್ನು ಕಂಡಿರಬೇಕು. ತುಂಗಭದ್ರಾ ಜಲಾಶಯ 1953ರಲ್ಲಿ ಸಿದ್ಧವಾದ ಮೇಲೆ ಎಡದಂಡೆ ಕಾಲುವೆಯ ನೀರು ಮಾನ್ವಿಯ ಕಡೆ ಹರಿಯಿತು. ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗವನ್ನು ಮುಟ್ಟಿತು. ಜೋಳದ ಹೊಲಗಳಲ್ಲಿ ಭತ್ತ ಬಂತು. ಬದುಕು ಹಸನಾಯಿತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಬಾವಿಯಿಂದ ನೀರೆತ್ತುವ ಕಪಿಲೆ ಹೋಯಿತು. ಜೋಳ ತುಂಬಿಡುವ ಹಗೇವು ಮುಚ್ಚಿತು. ಬೀಸುವ ಕಲ್ಲು ಹಿತ್ತಲು ಸೇರಿತು, ಒನಕೆ ಅಟ್ಟ ಸೇರಿತು, ಎತ್ತಿನ ಕೂರಿಗೆಯ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ಇವುಗಳನ್ನು ಕುರಿತ ಒಗಟುಗಳು ಅಜ್ಜಿಯರ ನೆನಪಿನಲ್ಲಿ ಉಳಿದಿವೆ. ಆದರೆ ಮೊಮ್ಮಕ್ಕಳು ಆ ವಸ್ತುಗಳನ್ನು ಕಣ್ಣಾರೆ ಕಂಡಿಲ್ಲ. ಪ್ರಶ್ನೆ ಬದುಕಿದೆ, ಉತ್ತರ ಸತ್ತಿದೆ. ಅಜ್ಜಿ ಸುಳಿವು ಕೊಟ್ಟರೂ ಹುಡುಗನಿಗೆ ಏನೂ ಹೊಳೆಯದಿದ್ದಾಗ ಆಟ ನಿಲ್ಲುತ್ತದೆ. ಅದರೊಂದಿಗೆ ಅಜ್ಜಿ ಮೊಮ್ಮಗನ ಸಂಜೆಯ ಮಾತೂ ನಿಲ್ಲುತ್ತದೆ.

ನೀರು ಮುಟ್ಟದ ಹಳ್ಳಿಗಳ ಕಥೆ ಬೇರೆ. ಅಲ್ಲಿಯ ಕುಟುಂಬಗಳು ಬೆಂಗಳೂರು, ಹೈದರಾಬಾದ್, ಪುಣೆಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಅಪ್ಪ ಅವ್ವ ಅಲ್ಲಿ, ಅಜ್ಜಿ ಇಲ್ಲಿ. ಮಕ್ಕಳು ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ. ಒಗಟು ಕೇಳಲು ಎರಡು ತಲೆಮಾರು ಒಂದೇ ಕಟ್ಟೆಯ ಮೇಲೆ ಕೂತಿರಬೇಕು. ಆ ಕಟ್ಟೆಯೇ ಖಾಲಿಯಾದರೆ ಯಾರು ಯಾರನ್ನು ಕೇಳಬೇಕು?

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಒಡಪಿನ ಸೊಬಗಿನ ಹಿಂದೆ ಒಂದು ಕಟ್ಟುಪಾಡು ಇತ್ತು. ಹೆಂಡತಿ ಗಂಡನ ಹೆಸರು ಹೇಳಬಾರದು, ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ. ಗಂಡನಿಗೆ ಈ ನಿರ್ಬಂಧ ಅಷ್ಟಾಗಿ ಇರಲಿಲ್ಲ. ಹೆಣ್ಣಿನ ಬಾಯಲ್ಲಿ ಹೆಸರು ಅಡಗಿದರೆ ಎಂಥ ನಷ್ಟವಾಗಬಹುದು ಎಂಬುದಕ್ಕೆ ದೇಶದ ಮೊದಲ ಸಾರ್ವತ್ರಿಕ ಚುನಾವಣೆಯೇ ಸಾಕ್ಷಿ. 1951-52ರ ಆ ಚುನಾವಣೆಗೆ ಮತದಾರರ ಪಟ್ಟಿ ಸಿದ್ಧವಾಗುತ್ತಿದ್ದಾಗ ಉತ್ತರ ಭಾರತದ ಅನೇಕ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಇದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು. ಮದುವೆ ಮನೆಯಲ್ಲಿ ಹೆಸರು ಅಡಗಿದರೆ ಅದು ಆಟ, ಮತಗಟ್ಟೆಯಲ್ಲಿ ಅಡಗಿದರೆ ಅದು ಹಕ್ಕಿನ ನಷ್ಟ.

ಹಾಗೆಂದು ಒಡಪನ್ನೇ ಬಿಡಬೇಕೆ? ಬೇಕಿಲ್ಲ. ಇಂದು ಎಷ್ಟೋ ಮನೆಗಳಲ್ಲಿ ಹೆಂಡತಿ ದಿನವಿಡೀ ಗಂಡನನ್ನು ಹೆಸರು ಹಿಡಿದೇ ಕರೆಯುತ್ತಾಳೆ, ಮದುವೆಯ ದಿನ ಮಾತ್ರ ಒಡಪು ಹೇಳುತ್ತಾಳೆ. ಅಂಜಿಕೆ ಕಳಚಿ ಬಿದ್ದಿದೆ, ಆಟ ಉಳಿದಿದೆ. ಗಂಡನೂ ಸರಿಸಮನಾಗಿ ಹೊಸ್ತಿಲ ಮೇಲೆ ನಿಂತು ಹೆಂಡತಿಯ ಹೆಸರಿಗೆ ಒಡಪು ಹೇಳುವುದಾದರೆ ಆಟಕ್ಕೆ ಇನ್ನಷ್ಟು ಕಳೆ ಬರುತ್ತದೆ.

ಒಗಟಿನ ವಿಷಯದಲ್ಲಿಯೂ ಹೀಗೆಯೇ. ಹಳೆಯ ಒಗಟುಗಳನ್ನು ಬರೆದಿಡುವ ಕೆಲಸ ಆಗಲೇಬೇಕು. ಉತ್ತರದ ಜೊತೆಗೆ ಆ ವಸ್ತು ಹೇಗಿತ್ತು, ಏನಕ್ಕೆ ಬಳಸುತ್ತಿದ್ದರು ಎಂಬುದನ್ನೂ ಬರೆದಿಡಬೇಕು. ಆದರೆ ಬರೆದಿಟ್ಟ ಮಾತ್ರಕ್ಕೆ ಆಟ ಬದುಕುವುದಿಲ್ಲ. ಮಕ್ಕಳು ತಾವು ಕಂಡದ್ದರ ಮೇಲೆ ಹೊಸ ಒಗಟು ಕಟ್ಟಬೇಕು. ಕಾಲುವೆಯ ತೂಬು, ಬೋರ್‌ವೆಲ್, ಟ್ರ್ಯಾಕ್ಟರ್, ಬಸ್ಸಿನ ಟಿಕೆಟ್, ಕೈಯೊಳಗಿನ ಮೊಬೈಲ್ ಯಾವುದು ಬೇಕಾದರೂ ಉತ್ತರವಾಗಬಹುದು. ಆಗ ತಲೆ ಕೆರೆದುಕೊಳ್ಳುವ ಸರದಿ ಅಜ್ಜಿಯದು. ಗುಳೆ ಹೋದ ಅಪ್ಪನಿಗೆ ಮಗಳು ಫೋನಿನಲ್ಲಿ ಒಂದು ಒಗಟು ಕೇಳಿ, ಉತ್ತರವನ್ನು ಊರಿಗೆ ಬಂದಾಗ ಹೇಳುವೆನೆಂದರೆ, ಅವನು ಅದನ್ನು ನೆನೆಯುತ್ತಲೇ ದಿನ ಎಣಿಸಿಯಾನು.

ಈ ಸಂಜೆ ಮನೆಗೆ ಹೋದ ಮೇಲೆ ಹಿರಿಯರ ಪಕ್ಕ ಕೂತು ಒಂದು ಒಗಟು ಹೇಳಿರೆಂದು ಕೇಳಿ ನೋಡಿ. ಉತ್ತರ ಗೊತ್ತಿದ್ದರೂ ಸ್ವಲ್ಪ ಹೊತ್ತು ಸುಮ್ಮನಿರಿ. ಅವರು ಸುಳಿವು ಕೊಡಲಿ. ಆಮೇಲೆ ನಗುತ್ತ 'ಸೋತೆ' ಎಂದುಬಿಡಿ. ಅವರು ಇನ್ನೊಂದು ಒಗಟು ಹೇಳದೆ ಬಿಡುವುದಿಲ್ಲ.